ಅಕ್ಕನ ಕಿವಿಯ ಚೀಟಿ

ಅಕ್ಕ ಹುಟ್ಟಿದ್ದು ಹನ್ನೊಂದು ನಿಮಿಷ ಮೊದಲು. ಅಷ್ಟರ ಮೇಲೆಯೇ ಅರವತ್ತೊಂದು ವರ್ಷದಿಂದ ದೊಡ್ಡಸ್ತಿಕೆ ನಡೆಸಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳದು, ಜಗಳದಲ್ಲಿ ಕೊನೆಯ ಮಾತು ಅವಳದು. ತಡವಾಗಿ ಬಂದ ತಪ್ಪಿಗೆ ತಂಗಿ ಮಾತ್ರ ಈ ವಯಸ್ಸಿನಲ್ಲೂ ‘ಪುಟ್ಟಿ’ಯಾಗಿಯೇ ಉಳಿದಿದ್ದಳು. ಬೀದಿಯ ಮಕ್ಕಳು ಅವಳನ್ನು ‘ಪುಟ್ಟಿ ಅಜ್ಜಿ’ ಎಂದು ಕರೆಯುತ್ತಿದ್ದವು. ಅವಳೂ ಓ ಎನ್ನುತ್ತಿದ್ದಳು, ಪಾಪ.

ಇಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಅವಳಿಗಳು. ಹೆತ್ತ ತಾಯಿಗೇ ಗುರುತು ಸಿಗದೆ ಒಬ್ಬಳಿಗೆ ಎರಡು ಸಲ ಹಾಲು ಕುಡಿಸಿ ಇನ್ನೊಬ್ಬಳನ್ನು ಅಳಿಸಿದ್ದುಂಟು. ಆ ತಾಯಿಗೆ ಕೈತುಂಬ ಕೆಲಸ, ಪುರುಸೊತ್ತು ಅಷ್ಟಕ್ಕಷ್ಟೆ. ಹಾಗಾಗಿ ಅವಳೊಂದು ಪದ್ಧತಿ ಮಾಡಿಕೊಂಡಳು. ಅಂಗಿಯ ಅಳತೆಗೆ ಒಬ್ಬಳನ್ನು ಕರೆದೊಯ್ದು ಎರಡು ಹೊಲಿಸುವುದು, ಒಬ್ಬಳ ಕಾಲಿಗೆ ಚಪ್ಪಲಿ ಹಾಕಿನೋಡಿ ಎರಡು ಜೊತೆ ತರುವುದು. ಇಬ್ಬರಿಗೂ ಸರಿಹೋಗುತ್ತಿತ್ತು. ತಾಯಿ ತೀರಿಕೊಂಡ ಮೇಲೂ ಮಕ್ಕಳು ಈ ಪದ್ಧತಿ ಬಿಡಲಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಅಕ್ಷರ ಮಂಜಾಗತೊಡಗಿದಾಗ ಅಕ್ಕ ಒಬ್ಬಳೇ ಹೋಗಿ ಕಣ್ಣು ತೋರಿಸಿ, ಒಂದೇ ನಂಬರಿನ ಎರಡು ಕನ್ನಡಕ ಮಾಡಿಸಿಕೊಂಡು ಬಂದಳು. ಪುಟ್ಟಿ ಹಾಕಿಕೊಂಡು ನೋಡಿದರೆ, ಪತ್ರಿಕೆಯ ಮೂಲೆಯಲ್ಲಿದ್ದ ಸಣ್ಣ ಜಾಹೀರಾತು ಕೂಡ ಕಣ್ಣಿಗೆ ಕಟ್ಟಿದಂತೆ ಕಂಡಿತು. ನಲವತ್ತೆಂಟರಲ್ಲಿ ಅಕ್ಕನ ಪಿತ್ತಕೋಶದಲ್ಲಿ ಕಲ್ಲು. ಮೂರೇ ತಿಂಗಳಿಗೆ ಪುಟ್ಟಿಯದರಲ್ಲೂ ಕಲ್ಲು. ಅಂದಿನಿಂದ ಪುಟ್ಟಿಯ ಮನಸ್ಸಿನಲ್ಲಿ ಒಂದು ಮಾತು ಬೇರೂರಿತು: ಅಕ್ಕನಿಗೆ ಬಂದದ್ದು ನನಗೂ ಬಂದೇ ಬರುತ್ತದೆ, ಮೂರು ತಿಂಗಳು ತಡ ಅಷ್ಟೇ.

ಕನ್ನಡಿಯ ಮುಂದೆ ಒಟ್ಟಿಗೆ ನಿಂತಿದ್ದರೆ ಈ ನಂಬಿಕೆ ಅಂದೇ ಅಲುಗಾಡುತ್ತಿತ್ತು. ಯಾಕೆಂದರೆ ಈಗ ಇಬ್ಬರನ್ನೂ ನೋಡಿದವರು ಅವಳಿಗಳೆಂದರೆ ನಂಬುತ್ತಿರಲಿಲ್ಲ. ಅಕ್ಕ ಮೂವತ್ತನಾಲ್ಕು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು. ನೂಲು ಕಡಿಯದಿರಲೆಂದು ಅಲ್ಲಿ ಗಾಳಿಯನ್ನು ಸದಾ ತೇವವಾಗಿಡುತ್ತಿದ್ದರು, ಬಿಸಿಲಂತೂ ಒಳಗೆ ಕಾಲಿಡುತ್ತಿರಲಿಲ್ಲ. ಅವಳ ಕೆನ್ನೆ ಇನ್ನೂ ನುಣುಪು. ಪುಟ್ಟಿ ಮದುವೆ ಗಿದುವೆಯ ಗೋಜಿಗೆ ಹೋಗದೆ, ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು, ಮನೆಮನೆಗೂ ಶಾಲೆಶಾಲೆಗೂ ತಿರುಗಿ ಪಿಯಾನೋಗಳನ್ನು ಶ್ರುತಿ ಮಾಡಿಕೊಂಡಿದ್ದಳು. ಬಿಸಿಲು ಅವಳ ಮುಖದ ಮೇಲೆ ಒಂದು ಜಾಗವನ್ನೂ ಬಿಡದೆ ಗೆರೆ ಎಳೆದಿತ್ತು. ಕಾಲು ಮಾತ್ರ ಕುದುರೆಯ ಹಾಗೆ ಗಟ್ಟಿ. ಒಮ್ಮೆ ಅಂಗಡಿಯವನೊಬ್ಬ ಅಕ್ಕನಿಗೆ, “ನಿಮ್ಮ ತಾಯಿಯವರಿಗೆ ಕುರ್ಚಿ ಕೊಡ್ಲಾ?” ಎಂದು ಕೇಳಿದ್ದ. ಅಕ್ಕ ವಾರವಿಡೀ ನಕ್ಕಳು, ಪುಟ್ಟಿ ವಾರವಿಡೀ ಮುಖ ಊದಿಸಿಕೊಂಡಿದ್ದಳು.

ಅರವತ್ತೊಂದು ತುಂಬಿದ ವರ್ಷ ಅಕ್ಕನ ಕಿವಿ ಕೈಕೊಟ್ಟಿತು. ಮಗಳು ಅಡುಗೆಮನೆಯಿಂದ ಕೂಗಿದರೆ ಉತ್ತರವಿಲ್ಲ, ರೇಡಿಯೋ ಹಾಕಿದರೆ ಪಕ್ಕದ ಬೀದಿಗೂ ವಾರ್ತೆ. “ಮಾತಿನ ಹಿಟ್ಟು ಕೇಳ್ಸುತ್ತೆ ಕಣೇ, ಉಪ್ಪು ಕೇಳ್ಸಲ್ಲ,” ಎನ್ನುತ್ತಿದ್ದಳು ಅಕ್ಕ. ಕೊನೆಗೆ ಮಗಳು ಅವಳನ್ನು ಹೊರಡಿಸಿಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು. ಅಕ್ಕ ಎರಡು ಕಿವಿಗೂ ಮೆಷಿನ್ ಸಿಕ್ಕಿಸಿಕೊಂಡು, ಹೊಸ ಓಲೆ ಹಾಕಿಕೊಂಡವಳ ಗತ್ತಿನಲ್ಲಿ ಮನೆಗೆ ಬಂದಳು.

“ಇದು ಮೆಲ್ಲಮೆಲ್ಲಗೆ ಬರುತ್ತಂತೆ,” ಎಂದು ಪರೀಕ್ಷೆಯವಳು ಹೇಳಿದ್ದನ್ನೆಲ್ಲ, ನೋಡಲು ಬಂದ ಪುಟ್ಟಿಗೆ ಒಪ್ಪಿಸಿದಳು. “ಬಂದವರಿಗೇ ಗೊತ್ತಾಗಲ್ವಂತೆ. ಸಣ್ಣ ಸಣ್ಣ ದನಿ ಮೊದಲು ಹೋಗುತ್ತಂತೆ. ಮನೆಯವರು ಬೈದಾಗ್ಲೇ ತಿಳಿಯೋದಂತೆ.”

ಮೇಜಿನ ಮೇಲೆ ಬಿದ್ದಿದ್ದ ಪರೀಕ್ಷೆಯ ಚೀಟಿಯನ್ನು ಪುಟ್ಟಿ ಎತ್ತಿಕೊಂಡಳು. ಎಡದಿಂದ ಹೊರಟ ಗೆರೆ ನೆಟ್ಟಗೆ ಬಂದು, ಎತ್ತರದ ದನಿಗಳ ಹತ್ತಿರ ಇದ್ದಕ್ಕಿದ್ದಂತೆ ಹಳ್ಳಕ್ಕೆ ಬಿದ್ದಿತ್ತು. ಎರಡನೆಯ ಪರೀಕ್ಷೆ ಯಾಕೆ ಬೇಕು? ಅಳತೆ ಆಗಿಹೋಯಿತಲ್ಲ. ಇದೇ ನನ್ನ ಚೀಟಿ. ಯಾರೂ ನೋಡದ ಹಾಗೆ ಅದನ್ನು ಮಡಿಚಿ ಕೆಲಸದ ಚೀಲಕ್ಕೆ ಸೇರಿಸಿದಳು.

ಕೇಳುವುದೇ ಕೆಲಸವಾದವಳಿಗೆ ತನ್ನ ಕಿವಿ ಚೆನ್ನಾಗಿದೆಯೆಂದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಗ್ರಹಚಾರ. ಕಿವಿ ಹೋಗುತ್ತಿರುವ ಶ್ರುತಿಗಾರರು ಮೇಲಿನ ಸ್ವರಗಳನ್ನು ಬೇಕಾದ್ದಕ್ಕಿಂತ ಏರಿಸಿಟ್ಟು, ಸರಿಯಾಗಿದೆ ಎಂದುಕೊಂಡು ಎದ್ದುಬಿಡುತ್ತಾರೆ. ಅವಳಿಗೆ ಕೆಲಸ ಕಲಿಸಿದ ಮುದುಕನೇ ಹಾಗೆ ಮಾಡಿಕೊಂಡು, ಬೆನ್ನ ಹಿಂದೆ ನಗುವವರಿದ್ದಾರೆಂದು ತಿಳಿಯದೆ ನಾಲ್ಕು ವರ್ಷ ತಿರುಗಿದ್ದ. ಇನ್ನು ಪುಟ್ಟಿಯ ಮನೆಯಲ್ಲಿ ಬೈಯಲು ಯಾರಿದ್ದಾರೆ? ಅವಳು ಇರುವುದೇ ಒಬ್ಬಳು. ಕೇಳಿಸುತ್ತಿದೆ ಎನ್ನಿಸುವುದೇ ಕೇಳಿಸದಿರುವುದರ ಲಕ್ಷಣ ಎಂದು ಅವಳು ತೀರ್ಮಾನಿಸಿಬಿಟ್ಟಳು.

ಸರಿಯಾಗಿ ಆಗಲೇ ಶಾಲೆಯ ಸಂಗೀತದ ಮೇಷ್ಟ್ರು ಫೋನು ಮಾಡಿದರು. ಅವರ ಹಳೆಯ ಪಿಯಾನೋವನ್ನು ಇಪ್ಪತ್ತಾರು ವರ್ಷ ಶ್ರುತಿ ಮಾಡಿದವಳು ಪುಟ್ಟಿಯೇ. ಈಗ ಹೊಸ ಸಭಾಂಗಣ, ಹೊಸ ದೊಡ್ಡ ಪಿಯಾನೋ. ಹತ್ತು ದಿನದಲ್ಲಿ ಮಕ್ಕಳ ಕಚೇರಿ. ಅಂಥ ಪಿಯಾನೋ ಮುಟ್ಟಬೇಕೆಂದು ಪುಟ್ಟಿ ಹರೆಯದಿಂದ ಆಸೆಪಟ್ಟಿದ್ದಳು.

“ನನಗೆ ಪುರುಸೊತ್ತಿಲ್ಲ ಮೇಷ್ಟ್ರೇ, ಬೇರೆಯವರನ್ನ ನೋಡಿ,” ಎಂದು ಫೋನಿಟ್ಟು, ಕುರ್ಚಿಯ ಮೇಲೆ ಕೂತು ಅತ್ತಳು. ಆಮೇಲೆ ತಾನು ಬಿಕ್ಕುವ ಸದ್ದು ತನಗೆ ಸರಿಯಾಗಿ ಕೇಳಿಸುತ್ತಿದೆಯೇ ಎಂದು ಸಂಶಯ ಬಂದು, ಅಳು ನಿಲ್ಲಿಸಿ ಕಿವಿಗೊಟ್ಟಳು. ಇಂಥ ಹೆಂಗಸಿಗೆ ಏನು ಹೇಳೋಣ!

ಮೇಷ್ಟ್ರು ಸುಮ್ಮನೆ ಬಿಡುವ ಆಸಾಮಿಯಲ್ಲ. ಬೇರೆ ಯಾರನ್ನೂ ಕರೆಯದೆ ನೇರವಾಗಿ ಅಕ್ಕನ ಮನೆಗೆ ಬಂದು, “ನಿಮ್ಮ ತಂಗಿ ಯಾಕೋ ನನ್ನ ಮೇಲೆ ಮುನಿಸಿಕೊಂಡಿದ್ದಾರೆ,” ಎಂದು ಅಲವತ್ತುಕೊಂಡರು. ಅಕ್ಕ ಆ ಕ್ಷಣವೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಪುಟ್ಟಿಯ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಪುಟ್ಟಿ ತನ್ನ ಉಪಕರಣಗಳನ್ನೆಲ್ಲ ಹರಡಿಕೊಂಡು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಂದು ಪೆಟ್ಟಿಗೆಗೆ ತುಂಬುತ್ತಿದ್ದಳು.

“ಏನೇ ಇದು?”

“ಕೆಲಸ ಬಿಡ್ತಿದೀನಿ ಅಕ್ಕ. ವಯಸ್ಸಾಯ್ತು.”

“ವಯಸ್ಸಾ? ನನಗಿಂತ ಚಿಕ್ಕೋಳು ನೀನು!” ಎನ್ನುತ್ತ ಅಕ್ಕ ಚೀಲವನ್ನು ಎಳೆದಳು. ಚೀಟಿ ಕೆಳಗೆ ಬಿತ್ತು. ಅಕ್ಕ ಎತ್ತಿಕೊಂಡು, ಕನ್ನಡಕ ಏರಿಸಿ ಓದಿದಳು. “ಇದು ನನ್ನ ಕಿವೀದು! ನಿನ್ನ ಹತ್ರ ಏನು ಮಾಡ್ತಿದೆ?”

“ನಿನ್ನದಾದ್ರೇನು, ನನ್ನದಾದ್ರೇನು? ಕನ್ನಡಕ ಸರಿಹೋಗ್ಲಿಲ್ವಾ? ಕಲ್ಲು ಬರ್ಲಿಲ್ವಾ? ಇನ್ನು ಮೂರು ತಿಂಗಳು, ನಾನೂ ಪೂರ್ತಿ ಕಿವುಡಿ. ತಪ್ಪು ಶ್ರುತಿ ಮಾಡಿ ಮಕ್ಕಳ ಮುಂದೆ ಮರ್ಯಾದೆ ಕಳ್ಕೊಳ್ಳೋ ಬದಲು ಈಗ್ಲೇ ಬಿಟ್ಟುಬಿಡ್ತೀನಿ.”

ಅಕ್ಕ ಚೀಟಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ತಂಗಿಯ ರಟ್ಟೆ ಹಿಡಿದಳು. “ಏಳು. ನಡಿ.”

“ಎಲ್ಲಿಗೆ?”

“ಅಕ್ಕ ಹೇಳ್ತಿದೀನಿ, ನಡಿ ಅಂದ್ರೆ ನಡಿ.”

ಕಿವಿ ಪರೀಕ್ಷೆಯ ಕೋಣೆ ಒಂದು ಬೀರುವಿನಷ್ಟೇ ಅಗಲ. ಗೋಡೆಗೆಲ್ಲ ದಪ್ಪನೆಯ ಸ್ಪಂಜು. ಪುಟ್ಟಿಯ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, “ಸದ್ದು ಕೇಳಿದಾಗೆಲ್ಲ ಒತ್ತಿ, ಅಮ್ಮ,” ಎಂದು ಪರೀಕ್ಷೆ ಮಾಡುವ ಹುಡುಗಿ ಬಾಗಿಲು ಮುಚ್ಚಿದಳು. ಆಚೆಯಿಂದ ಅಕ್ಕ ಬಾಗಿಲಿನ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು.

ಮೊದಲು ದಪ್ಪ ದನಿಗಳು ಬಂದವು. ಪುಟ್ಟಿ ಒತ್ತಿದಳು. ಆಮೇಲೆ ಸಣ್ಣವು, ಇನ್ನೂ ಸಣ್ಣವು. ಅವಳ ಅಂಗೈ ಬೆವರಿ ಗುಂಡಿ ಜಾರತೊಡಗಿತು. ಒಮ್ಮೆ ಬಹಳ ಹೊತ್ತು ಏನೂ ಬರಲಿಲ್ಲ. ಮುಗಿಯಿತು ನನ್ನ ಕಥೆ ಎಂದುಕೊಂಡಳು. ಆಮೇಲೆ ದೂರದಲ್ಲೆಲ್ಲೋ ಸೊಳ್ಳೆ ಹಾಡಿದಂತೆ ಒಂದು ದನಿ. ನಿಜವೋ ಭ್ರಮೆಯೋ ತಿಳಿಯದೆ, ಕಣ್ಣು ಮುಚ್ಚಿ ಒತ್ತಿದಳು.

ಹುಡುಗಿ ಎರಡೂ ಚೀಟಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಅಕ್ಕನ ಗೆರೆ ಹಳ್ಳಕ್ಕೆ ಬಿದ್ದಲ್ಲಿ ಪುಟ್ಟಿಯ ಗೆರೆ ತುಸುವೇ ಬಾಗಿ, ತನ್ನ ಪಾಡಿಗೆ ಮುಂದೆ ಹೋಗಿತ್ತು.

“ನಿಮ್ಮ ಕಿವಿ ನಿಮ್ಮ ವಯಸ್ಸಿಗಿಂತ ಚೆನ್ನಾಗಿದೆ, ಅಮ್ಮ.”

“ಸರಿಯಾಗಿ ನೋಡು ಮಗಳೇ. ನಾವು ಅವಳಿ. ಕಣ್ಣಿನ ನಂಬರು, ಪಿತ್ತಕೋಶದ ಕಲ್ಲು, ಎಲ್ಲಾ ಒಂದೇ.”

“ಜೀನ್ ಒಂದೇ ಇರಬಹುದು. ಕಣ್ಣಿನ ನಂಬರು, ಕಲ್ಲು, ಅವೆಲ್ಲ ಹಾಗೆ ಜೊತೆಯಾಗಿ ಬಂದಿರಬಹುದು. ಆದ್ರೆ ಈ ಹಳ್ಳ ಇದೆಯಲ್ಲ, ಇದು ಗಿರಣಿಯ ಸದ್ದಿನದು. ಮಗ್ಗದ ಮುಂದೆ ನಿಂತಿದ್ದು ಇವರೊಬ್ಬರೇ ತಾನೇ?”

ಪುಟ್ಟಿಗೆ ಎದೆಯ ಮೇಲಿನ ಬಂಡೆ ಉರುಳಿಹೋದಂತಾಯಿತು. ಸಂತೋಷ ತಡೆಯಲಾಗದೆ ಹುಡುಗಿಯ ಕೈ ಹಿಡಿದು ಕುಲುಕಿದಳು. ಮರುಕ್ಷಣವೇ ಅಕ್ಕನ ಕಿವಿಯಲ್ಲಿದ್ದ ಮೆಷಿನ್ ಕಣ್ಣಿಗೆ ಬಿದ್ದು ನಾಚಿಕೆಯಾಯಿತು. ಅಕ್ಕ ಗದ್ದಲದಲ್ಲಿ ಕಿವಿ ಸವೆಸುತ್ತಿದ್ದ ಅಷ್ಟೂ ವರ್ಷ ತಾನು ಸ್ವರ ಕೇಳಿಕೊಂಡು ಸುಖವಾಗಿದ್ದೆನಲ್ಲ ಎನ್ನಿಸಿ ಅಳು ಬಂತು.

“ಅಕ್ಕಾ, ನಿನಗೆ ಮಾತ್ರ ಹೀಗಾಯ್ತಲ್ಲ. ನನಗೂ ಸ್ವಲ್ಪ ಬಂದಿದ್ರೆ...”

“ಬಾಯ್ಮುಚ್ಚು!” ಅಕ್ಕನ ದನಿಗೆ ಕೋಣೆಯೇ ನಡುಗಿತು. “ಈ ಕಿವುಡು ನಾನು ದುಡಿದು ಸಂಪಾದಿಸಿದ್ದು. ಮೂವತ್ತನಾಲ್ಕು ವರ್ಷ, ದಿನಕ್ಕೆ ಎಂಟು ಗಂಟೆ. ನಾನು ನೇಯ್ದ ಬಟ್ಟೆ ಎಷ್ಟು ಜನ ಉಟ್ಟಿದ್ದಾರೋ ಲೆಕ್ಕ ಇಲ್ಲ. ಪುಕ್ಕಟೆ ಪಾಲು ಕೇಳೋಕೆ ಬಂದುಬಿಟ್ಲು! ನಿನಗ್ಯಾಕೆ ಕೊಡ್ಲಿ?”

ಪುಟ್ಟಿಗೆ ಅಳುತ್ತಲೇ ನಗು ಬಂತು. ಹುಡುಗಿಗೂ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಶಾಲೆಗೆ ಹೋದರು. ಮೇಷ್ಟ್ರು ಸಭಾಂಗಣದ ಬೀಗ ತೆಗೆದುಕೊಟ್ಟು, ಪುಟ್ಟಿಯ ಮನಸ್ಸು ಎಲ್ಲಿ ಬದಲಾಗಿಬಿಡುತ್ತದೋ ಎಂದು ಹೆಚ್ಚು ಮಾತಾಡದೆ ತರಗತಿಗೆ ಹೋದರು. ಹೊಸ ಪಿಯಾನೋ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅಕ್ಕ ಪಕ್ಕದಲ್ಲೇ ಒಂದು ಕುರ್ಚಿ ಎಳೆದುಕೊಂಡು, ಅದನ್ನೆಲ್ಲ ತಾನೇ ಕೊಡಿಸಿದವಳ ಹಾಗೆ ಕೂತಳು.

ಪುಟ್ಟಿ ನಡುವಿನಿಂದ ಶುರುಮಾಡಿ, ಒಂದೊಂದೇ ತಂತಿ ಬಿಗಿಯುತ್ತ, ಸಡಿಲಿಸುತ್ತ, ಮಧ್ಯಾಹ್ನದ ಹೊತ್ತಿಗೆ ಬಲತುದಿಗೆ ಬಂದಳು. ಅಲ್ಲಿವರೆಗೆ ಪ್ರತಿ ಸ್ವರಕ್ಕೂ ತಲೆಯಾಡಿಸುತ್ತಿದ್ದ ಅಕ್ಕ ಕತ್ತು ಚಾಚಿದಳು.

“ಯಾಕೆ ಬಾರಿಸ್ತಿಲ್ಲ?”

“ಬಾರಿಸ್ತಾ ಇದೀನಲ್ಲ, ಅಕ್ಕ.”

ಅಕ್ಕ ಮೆಷಿನ್ ಸರಿಮಾಡಿಕೊಂಡು, ಪಿಯಾನೋದ ಹತ್ತಿರಕ್ಕೆ ಬಾಗಿದಳು. “ಊಹೂಂ. ಮರದ ಟಕ್ ಟಕ್ ಅಷ್ಟೇ.”

ಪುಟ್ಟಿಯ ಕೈ ನಿಂತಿತು. ಕೊನೆಯ ಆರು ಕೀ. ಹುಟ್ಟಿದಂದಿನಿಂದ ಅಕ್ಕನಿಗಿಲ್ಲದ್ದು ಯಾವುದೂ ಅವಳೊಬ್ಬಳದೇ ಆಗಿರಲಿಲ್ಲ. ಈ ಆರು ಸ್ವರ ಮಾತ್ರ ಅವಳ ಪಾಲಿಗೆ ಬಂದಿದ್ದವು. ಅವಳಿಗೆ ತುಂಬ ಸಂಕಟವಾಯಿತು.

“ನಿಲ್ಲಿಸಿದ್ಯಾಕೆ? ಹೇಗಿದೆ ಅಂತ ಹೇಳು.”

“ಗಾಜಿನ ಲೋಟಕ್ಕೆ ಸಣ್ಣ ಚಮಚ ತಾಗಿದ ಹಾಗಿದೆ. ಆದ್ರೆ ಒಂದು ಎಳೆ ಇಳಿದಿದೆ.”

“ಏರಿಸು ಮತ್ತೆ. ನನ್ನ ಮುಖ ಏನು ನೋಡ್ತೀಯ?”

ಪುಟ್ಟಿ ತಂತಿ ಬಿಗಿಯುವ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಕೀ ಒತ್ತಿದಳು. ಇನ್ನೂ ಇಳಿದೇ ಇತ್ತು. ಮತ್ತೆ ತಿರುಗಿಸಿದಳು, ಮತ್ತೆ ಒತ್ತಿದಳು.

“ಹಾಂ, ಈಗ ಸರಿಯಾಯ್ತು,” ಎಂದಳು ಅಕ್ಕ.

ಪುಟ್ಟಿ ಬೆಚ್ಚಿ ತಿರುಗಿದಳು. ಸರಿಯಾಗಿತ್ತು, ನಿಜ. “ನಿನಗೆ ಕೇಳಿಸ್ತಾ?”

“ಇಲ್ವೇ.”

“ಮತ್ತೆ ಹೇಗೆ ಗೊತ್ತಾಯ್ತು?”

“ನಿನ್ನ ಹುಬ್ಬು ಇಳೀತು, ತುಟಿ ಮೂಲೆ ಸ್ವಲ್ಪ ಮೇಲೆ ಹೋಯ್ತು.” ಅಕ್ಕ ಕುರ್ಚಿಗೆ ಒರಗಿದಳು. “ಬಿಸಿಲಿಗೆ ಎಷ್ಟೇ ಸುಟ್ಟಿರಲಿ, ನನ್ನದೇ ಮುಖ ಅಲ್ವೇನೇ. ನನಗೆ ತಿಳಿಯಲ್ವಾ?”

ಇನ್ನೂ ಐದು ಕೀ ಉಳಿದಿದ್ದವು. ಪುಟ್ಟಿ ಅಕ್ಕನಿಗೆ ಚೆನ್ನಾಗಿ ಕಾಣುವಂತೆ ಬೆಳಕಿನ ಕಡೆ ಮುಖ ತಿರುಗಿಸಿ ಕೂತು, ಮುಂದಿನದನ್ನು ಒತ್ತಿದಳು.