ರಸ್ತೆಗಡ್ಡ ಕಟ್ಟಿದ ಕಪ್ಪು ಪೈಪು

ನನ್ನ ಟೈಲರ್ ಅಂಗಡಿ ರಸ್ತೆಯ ಈ ಕಡೆ, ಅಕ್ಕನ ಮನೆ ಆ ಕಡೆ. ನಾನು ಹೊಲಿದ ಅಂಗಿಗಳಿಗೆ ಕಾಜ ಮಾಡಿ ಗುಂಡಿ ಹಚ್ಚುವವಳು ಅವಳೇ. ಮೊದಲೆಲ್ಲ ದಿನಕ್ಕೆ ಹತ್ತು ಸಲ ದಾಟಿ ಬರುತ್ತಿದ್ದಳು. ರಸ್ತೆಗೆ ಹೊಸ ಟಾರು ಬಿದ್ದದ್ದೇ ತಡ, ಪೇಟೆಗೆ ಹೋಗುವ ಲಾರಿಗಳೆಲ್ಲ ನಮ್ಮೂರನ್ನೇ ಒಳದಾರಿ ಮಾಡಿಕೊಂಡವು. ಊರಿನವರಿಗೂ ಕಾಲಿನಡಿ ಬೆಂಕಿ ಬಿದ್ದಂಥ ಅವಸರ. ಒಂದು ದಿನ ಯಾವುದೋ ಬೈಕು ಸವರಿಕೊಂಡು ಹೋಗಿ ಅಕ್ಕ ಬಿದ್ದಳು. ಆಮೇಲೆ ರಸ್ತೆಗೇ ಇಳಿಯಲಿಲ್ಲ. ಬಟ್ಟೆ ನಾನೇ ಒಯ್ಯಬೇಕು, ನಾನೇ ತರಬೇಕು.

"ನೀನು ದಾಟುವಾಗೆಲ್ಲ ಜೀವ ಬಾಯಿಗೆ ಬರುತ್ತೆ ಕಣೋ. ಈ ಕೆಲ್ಸಾನೇ ಬೇಡ," ಎಂದಳು.

ಅವಳು ಬಿಟ್ಟರೆ ನನಗೆ ಕೈ ಮುರಿದಂತೆ. ಹಂಪ್ ಹಾಕಿಸಿ ಎಂದು ರಸ್ತೆ ಇಲಾಖೆಗೆ ಅರ್ಜಿ ಕೊಟ್ಟೆ. ಒಂದು ಬೆಳಿಗ್ಗೆ ಇಬ್ಬರು ಬಂದು ರಸ್ತೆಗಡ್ಡ ಎರಡು ಕಪ್ಪು ರಬ್ಬರ್ ಪೈಪು ಬಿಗಿದು, ಕಂಬಕ್ಕೊಂದು ಪೆಟ್ಟಿಗೆ ಕಟ್ಟಿ, ತುಟಿ ಬಿಚ್ಚದೆ ಹೋದರು. ಹಂಪ್ ಎಂದರೆ ಇಷ್ಟೇ ದಪ್ಪವೇ? ನನಗೆ ತಲೆಬುಡ ತಿಳಿಯಲಿಲ್ಲ.

"ಅದು ಕ್ಯಾಮೆರಾ. ಜೋರಾಗಿ ಹೋದ್ರೆ ಫೋಟೋ ಹಿಡಿಯುತ್ತೆ," ಎಂದರು ಹಾಲಿನ ವ್ಯಾನು ಓಡಿಸುವ ಭಾವ, ಅಕ್ಕನ ಗಂಡ.

"ಫೋಟೋಗೆ ಪೈಪ್ ಯಾಕೆ ಭಾವ?"

"ಸೂಜಿ ದಾರ ಬಿಟ್ರೆ ನಿಂಗೇನಯ್ಯಾ ಗೊತ್ತು?"

ಇರಬಹುದು, ಇಲ್ಲದೆಯೂ ಇರಬಹುದು. ಊರಿಗೆ ಊರೇ ನಂಬಿತು. ಬೈಕು, ಟ್ರ್ಯಾಕ್ಟರು, ಭಾವನ ವ್ಯಾನು, ಎಲ್ಲವೂ ಪೈಪಿನ ಹತ್ತಿರ ಆಮೆಯಾದವು. ಮುಂದಿನವರು ತೆವಳಿದರೆ ಹಿಂದಿನ ಲಾರಿ ಹಾರಿ ಹೋಗುತ್ತದೆಯೇ? ನಾನೂ ಸ್ಕೂಟರಿನಲ್ಲಿ ತಲೆ ಬಾಚಿಕೊಂಡೇ ದಾಟಿದೆ. ಫೋಟೋ ಬಂದರೆ ಚೆನ್ನಾಗಿಯೇ ಬರಲಿ!

ಮೂರನೆಯ ದಿನ ಅಂಗಡಿ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕಂಕುಳಲ್ಲಿ ಅಂಗಿಗಳ ಗಂಟು. ನನಗೆ ಸಂತೋಷಕ್ಕೆ ಅಳುವೇ ಬಂತು.

ನಾಲ್ಕನೆಯ ದಿನ ಪೈಪು ಬಿಚ್ಚಿಕೊಂಡು ಹೋದರು. ಮರುದಿನದಿಂದ ಮತ್ತದೇ ರಾಗ, ಅದೇ ಹಾಡು. ಅಕ್ಕ ಮತ್ತೆ ಮನೆ ಸೇರಿದಳು. ಹದಿನೈದು ದಿನಕ್ಕೆ ಇಲಾಖೆಯ ಕಾಗದ ಬಂತು. ಅವಳ ಮನೆಯಲ್ಲೇ ಕೂತು ಓದಿ ಹೇಳಿದೆ. ಆ ಪೈಪು ವೇಗ ಅಳೆಯುವ ಸಾಧನವಂತೆ. ನಮ್ಮೂರಲ್ಲಿ ಎಲ್ಲರೂ ನಿಧಾನವಾಗಿಯೇ ಹೋಗುತ್ತಾರಂತೆ. ಹಂಪ್ ಬೇಕಿಲ್ಲವಂತೆ.

ಯಾರನ್ನು ಬಯ್ಯಲಿ? ಅಳೆದವರು ಸುಳ್ಳು ಹೇಳಿಲ್ಲ. ಭಾವ ಬೇಕೆಂದು ಮಾಡಿದ್ದಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ ಮಾಡಿದವರು ನಾವು, ಉಣ್ಣುತ್ತಿರುವವಳು ಅಕ್ಕ.

"ಎಲ್ಲ ಈ ಲಾರಿಯವರಿಂದ..." ಎಂದು ಶುರುಮಾಡಿದೆ.

"ಲಾರಿ ಇರ್ಲಿ ಬಿಡೋ," ಎಂದಳು ಅಕ್ಕ, ಸೂಜಿಯಿಂದ ಕಣ್ಣೆತ್ತದೆ. "ಫೋಟೋಗೆ ಹೆದ್ರಿ ನೀವೆಲ್ಲ ನಿಧಾನ ಹೋದ್ರಿ. ದಿನಾ ನಾನು ದಾಟೋಕೆ ಅಲ್ಲೇ ನಿಂತಿರ್ತಿದ್ನಲ್ಲ, ನನ್ನ ನೋಡಿ ಯಾಕೆ ನಿಧಾನ ಹೋಗ್ಲಿಲ್ಲ?"

"ಗೊತ್ತಿಲ್ಲ ಅಕ್ಕ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ದಾರ ಕಚ್ಚಿ ಕತ್ತರಿಸಿ, ಅಂಗಿ ಮಡಚಿ ನನ್ನ ಕೈಗಿಟ್ಟಳು.

"ಇದೇ ಕೊನೇದು. ನಾಳೆಯಿಂದ ತರ್ಬೇಡ."