ಕಸ್ತೂರಮ್ಮನವರ ಕಾಯಕ

ಮಂಡಿಪೇಟೆಯ ಹಳೇ ಗೋದಾಮಿಗೆ ಸುಣ್ಣ ಬಳಿದು, ಮುಂದೆ ಸಗಣಿ ಸಾರಿಸಿ, 'ಸಹಜ ಆಹಾರ ಸಹಕಾರ ಸಂಘ' ಎಂದು ಬೋರ್ಡು ಹಾಕಿದ ಮೇಲೆ ದಾವಣಗೆರೆಯ ಉಳ್ಳವರಿಗೆ ಆರೋಗ್ಯದ ನೆನಪಾಯಿತು. ನವಣೆ, ಸಾಮೆ, ಗಾಣದ ಎಣ್ಣೆ, ಔಷಧಿ ಹೊಡೆಯದ ಮಲೆಬೆನ್ನೂರಿನ ಅಕ್ಕಿಗಾಗಿ ಕಾರುಗಳು ಸಾಲುಗಟ್ಟಿದವು. ಮೊದಲ ಸದಸ್ಯರಾದವರು ಕಲ್ಲೇಶಪ್ಪನವರು. ಅದೇ ಬೀದಿಯಲ್ಲಿ ಅವರದು ಗೊಬ್ಬರ, ಕೀಟನಾಶಕದ ಅಂಗಡಿ. ವಾರವಿಡೀ ರೈತರಿಗೆ ವಿಷ ಮಾರುತ್ತಾರೆ, ಭಾನುವಾರ ವಿಷ ಮುಟ್ಟದ ಅಕ್ಕಿಯನ್ನು ಮೂಸಿ ನೋಡಿ ಮನೆಗೆ ಒಯ್ಯುತ್ತಾರೆ. ತಾವು ಮಾರುವುದು ಎಂಥದ್ದೆಂದು ಅವರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಸಂಘದ ಅಧ್ಯಕ್ಷ ಬಸವಕಿರಣ್. ಯಾವುದೋ ದೊಡ್ಡ ಊರಿನಲ್ಲಿ ಸದಸ್ಯರೇ ಕಸ ಗುಡಿಸಿ, ಕಾಳು ಆರಿಸಿ ನಡೆಸುವ ಅಂಗಡಿ ನೋಡಿ ಬಂದವನು ಇಲ್ಲೂ ನಿಯಮ ಮಾಡಿದ. ಭಾನುವಾರ ಬೆಳಿಗ್ಗೆ ಪ್ರತಿ ಮನೆಯಿಂದ ಒಬ್ಬರು ಬಂದು ದುಡಿಯಬೇಕು. ಅದರ ಹೆಸರು ಕಾಯಕ. ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತು ಉಣ್ಣಬೇಕು. ಅದರ ಹೆಸರು ದಾಸೋಹ. ಶರಣರ ಎರಡು ದೊಡ್ಡ ಮಾತುಗಳು ಹೀಗೆ ಬೆಲ್ಲದ ಡಬ್ಬಿಯ ಪಕ್ಕದಲ್ಲಿ ಅಂಗಡಿ ಸಾಮಾನಾಗಿ ಕೂತವು.

ಮೊದಲ ಭಾನುವಾರ ಸದಸ್ಯರೇ ಬಂದರು. ಎದೆಯ ಮೇಲೆ ಅವರವರ ಹೆಸರು ಕಸೂತಿ ಮಾಡಿದ ಖಾದಿ ಏಪ್ರನ್ ತೊಟ್ಟು, ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡರು. ಎರಡನೆಯ ವಾರ ಕಲ್ಲೇಶಪ್ಪನವರ ಹೆಂಡತಿ ಕಸ್ತೂರಮ್ಮನಿಗೆ ಮೊಣಕಾಲು ನೋವು ಬಂತು. ತಮ್ಮ ಏಪ್ರನ್ನನ್ನು ಮನೆಗೆಲಸದ ಉಡಚಮ್ಮನಿಗೆ ತೊಡಿಸಿ ಕಳಿಸಿದರು. ಮುಂದಿನ ವಾರಕ್ಕೆ ನೋವು ಎಲ್ಲ ಸದಸ್ಯರ ಮೊಣಕಾಲಿಗೂ ಹಬ್ಬಿತು. ತಿಂಗಳು ಕಳೆಯುವುದರೊಳಗೆ ಕಾಯಕವೆಲ್ಲ ಕೆಲಸದವರದಾಯಿತು, ದಾಸೋಹ ಮಾತ್ರ ಸದಸ್ಯರದೇ ಉಳಿಯಿತು. ರೊಟ್ಟಿ ಬಡಿದವರಿಗೆ ಹಿಂಬಾಗಿಲಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದರು.

ಆನೆಕೊಂಡದ ಉಡಚಮ್ಮನಿಗೆ ಪೊಟ್ಟಣದ ಚಿಂತೆ ಇರಲಿಲ್ಲ. ಅವಳ ಮಗಳು ಲತಾ ಹರಿಹರದ ಹಾಸ್ಟೆಲಿನಲ್ಲಿದ್ದುಕೊಂಡು ಒಂಬತ್ತನೇ ಕ್ಲಾಸು ಓದುತ್ತಿದ್ದಳು. ಅಲ್ಲಿ ತಾಯಂದಿರನ್ನು ಒಳಗೆ ಬಿಡುವುದು ಭಾನುವಾರ ಬೆಳಿಗ್ಗೆ ಮಾತ್ರ. ಊಟದ ಗಂಟೆ ಹೊಡೆದರೆ ಗೇಟು ಮುಚ್ಚುತ್ತದೆ. ಮೊದಲೆಲ್ಲ ಭಾನುವಾರ ಉಡಚಮ್ಮನಿಗೆ ರಜೆ. ಹೋಗಿ ಮಗಳ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ವಾರದ ಮಾತನ್ನೆಲ್ಲ ಕೇಳಿ ಬರುತ್ತಿದ್ದಳು. ಏಪ್ರನ್ ತೊಟ್ಟ ಮೇಲೆ ಮಗಳ ಮುಖ ಕಂಡಿರಲಿಲ್ಲ. ಇನ್ನೊಂದು ದಿನ ಕೆಲಸ ಮಾಡುತ್ತೇನೆ, ಭಾನುವಾರ ಬಿಡಿ ಎಂದು ಬೇಡಿಕೊಂಡಾಗ ಕಸ್ತೂರಮ್ಮ ಬಹಳ ಮೃದುವಾಗಿ ತಿಳಿಸಿ ಹೇಳಿದರು.

"ನಿನ್ನ ರಜೆ ನಾನೆಲ್ಲಿ ಕಿತ್ಕೊಂಡೀನಿ ಉಡಚಮ್ಮ? ಅದು ಕೆಲಸ ಅಲ್ಲ, ಕಾಯಕ. ಪುಣ್ಯದ್ದು."

ಪುಣ್ಯ ಯಾರ ಹೆಸರಿಗೆ ಹೋಗುತ್ತದೆ ಎಂಬುದು ಏಪ್ರನ್ನಿನ ಮೇಲೆಯೇ ಬರೆದಿತ್ತು. ಉಡಚಮ್ಮ ಅದನ್ನೇ ಮತ್ತೆ ಕಟ್ಟಿಕೊಂಡಳು. ಇರುವ ಮನೆ ಬಿಟ್ಟರೆ ಇನ್ನೊಂದು ಮನೆ ಸಿಗುವ ತನಕ ಗತಿಯೇನು?

ಹೀಗಿರುವಾಗ ಮಾದರಿ ಸಹಕಾರ ಸಂಘದ ಪ್ರಶಸ್ತಿಗೆ ಬಸವಕಿರಣ್ ಅರ್ಜಿ ಹಾಕಿದ. ನೋಡಿ ಹೋಗಲು ವಾಣಿ ಎಂಬ ಅಧಿಕಾರಿ ಬೆಂಗಳೂರಿನಿಂದ ಬರುವವರಿದ್ದರು. ಮಧ್ಯಾಹ್ನ ಬರುತ್ತಾರೆಂದು ಸದಸ್ಯರೆಲ್ಲ ಮನೆಯಲ್ಲಿ ಇಳಕಲ್ ಸೀರೆ ಉಡುತ್ತಿದ್ದ ಹೊತ್ತಿಗೆ, ಆಕೆ ಬೆಳಿಗ್ಗೆಯೇ ಬಂದಿಳಿದರು. ಒಳಗೆ ಹತ್ತಾರು ಹೆಂಗಸರು ನವಣೆ ಕೇರುತ್ತ, ರೊಟ್ಟಿ ಬಡಿಯುತ್ತ ಬೆವರುತ್ತಿದ್ದರು. ಇವರೆಲ್ಲ ಸದಸ್ಯರೇ ಏನು ಎಂದು ಕೇಳಿದಾಗ ಬಸವಕಿರಣ್ ಹೌದೆಂದ. ಇಲ್ಲವೆಂದರೆ ಪ್ರಶಸ್ತಿ ಹೋಗುತ್ತಿತ್ತು.

ವಾಣಿ ಏಪ್ರನ್ ಓದುತ್ತ ಒಬ್ಬೊಬ್ಬರನ್ನೇ ಮಾತಾಡಿಸಿದರು. ಹಜೀರಾಬೀ ಎಂದು ತನ್ನ ಹೆಸರು ಹೇಳಿದ ಹೆಂಗಸು ತೊಟ್ಟಿದ್ದು ಅವಳ ಮಾಲೀಕ, ಬಟ್ಟೆ ವ್ಯಾಪಾರಿ ನಾಗಭೂಷಣ್ ಅವರದು. ಅದು ಮನೆಯವರ ಹೆಸರು ಎಂದು ಬಸವಕಿರಣ್ ತೊದಲಿದ. ಹಾಗಾದರೆ ಅಂತರ್ಧರ್ಮೀಯ ವಿವಾಹವೂ ಇದೆ ಎಂದು ವಾಣಿ ಸಂತೋಷಪಟ್ಟರು. ಹಜೀರಾಬೀ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆದಳು.

ಮಧ್ಯಾಹ್ನ ಕಾರುಗಳು ಬಂದವು. ರೇಷ್ಮೆ ಸರಭರ ಎನ್ನುತ್ತ ಒಳಗೆ ನುಗ್ಗಿದವರನ್ನು ಸದಸ್ಯರ ನೆಂಟರೆಂದುಕೊಂಡ ವಾಣಿ ನಮಸ್ಕಾರ ಹೇಳಿ, ಕಾಯಕ ಮಾಡಿದವರು ಮೊದಲು ಊಟಕ್ಕೆ ಕೂರಲಿ, ಈಗ ಬಂದ ಬಂಧುಗಳು ಬಡಿಸಲಿ ಎಂದರು. ನಿಜ ಹೇಳಬೇಡಿರೆಂದು ಬಸವಕಿರಣ್ ಅವರಿಗೆ ಕಣ್ಣಲ್ಲೇ ಕೈಮುಗಿದ. ಕಸ್ತೂರಮ್ಮ ಎಣ್ಣೆಗಾಯಿಯ ಪಾತ್ರೆ ಎತ್ತಿಕೊಂಡರು. ಕಲ್ಲೇಶಪ್ಪನವರು ರೊಟ್ಟಿಯ ಬುಟ್ಟಿ ಹಿಡಿದರು. ಉಡಚಮ್ಮ ಮೊದಲ ಸಲ ಆ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಊಟದ ನಡುವೆ ವಾಣಿ ಅವಳ ಕಡೆ ತಿರುಗಿದರು. "ಕಸ್ತೂರಮ್ಮನವರೇ, ಸಂಘದಲ್ಲಿ ಏನಾದರೂ ಬದಲಾಗಬೇಕಾ? ಸಂಕೋಚ ಬೇಡ."

ಬಡಿಸುತ್ತಿದ್ದ ಸೌಟು ನಿಂತಿತು. ಉಡಚಮ್ಮ ತಲೆ ಎತ್ತಿ ಒಡತಿಯನ್ನು ನೋಡಿದಳು. ಆ ಕಣ್ಣಿನಲ್ಲಿ ಎಚ್ಚರಿಕೆ ಇತ್ತು. ಗೇಟಿನ ಸರಳು ಹಿಡಿದು ನಿಂತಿರುವ ಲತಾ ಅವಳಿಗೆ ಅದಕ್ಕಿಂತ ಹತ್ತಿರ ಕಂಡಳು.

"ಭಾನುವಾರ ಬ್ಯಾಡ್ರಿ," ಎಂದಳು. "ಭಾನುವಾರ ಮಕ್ಕಳು ದಾರಿ ಕಾಯ್ತಿರ್ತಾವು. ಕಾಯಕ ಬುಧವಾರ ಇಡ್ರಿ. ಕಸ್ತೂರಮ್ಮನ ಮಾತು ಅಂತ ಬರ್ಕೊಳ್ರಿ."

ಸಾಲಿಗೆ ಸಾಲೇ ಹೌದೆಂದು ಕೈ ಎತ್ತಿತು. ಸದಸ್ಯರ ಒಮ್ಮತದ ತೀರ್ಮಾನ ಎಂದು ವಾಣಿ ಬರೆದುಕೊಂಡರು. ಉಡಚಮ್ಮನನ್ನು ನಡುವೆ ನಿಲ್ಲಿಸಿ ಫೋಟೋ ತೆಗೆಸಿ, ಪ್ರತಿ ಮೂರು ತಿಂಗಳಿಗೊಮ್ಮೆ ಬಂದು ಇದೇ ತಂಡವನ್ನು ಕಾಣುವುದಾಗಿ ಹೇಳಿ ಕಾರು ಹತ್ತಿದರು.

ಕಸ್ತೂರಮ್ಮ ಅವಳನ್ನು ಹಿಂಬಾಗಿಲಿಗೆ ಎಳೆದೊಯ್ದರು. "ನನ್ನ ಹೆಸರಾಗೆ ಮಾತಾಡಾಕೆ ನಿನಗ್ಯಾರು ಹೇಳಿದ್ರೇ?"

"ನಿಮ್ಮ ಹೆಸರಾಗೆ ದುಡಿ ಅಂತ ನೀವೇ ಹೇಳಿದ್ರಲ್ಲ ಅಮ್ಮಾರೆ. ಮಾತೂ ಅದರ ಜೊತೆಗೇ ಬಂತು."

ನಾಳೆಯಿಂದ ಮನೆಗೆ ಬರಬೇಡ ಎಂಬ ಮಾತು ಕಸ್ತೂರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಬಸವಕಿರಣ್ ಓಡಿ ಬಂದು ತಡೆದ. ಇವಳು ಹೋದರೆ ಮುಂದಿನ ಸಲ ಅಧಿಕಾರಿಗೆ ಯಾವ ಕಸ್ತೂರಮ್ಮನನ್ನು ತೋರಿಸುವುದು? ಸರ್ಕಾರದ ಕಡತದಲ್ಲಿ ಈಗ ಆ ಹೆಸರಿಗೆ ಇರುವುದು ಇದೊಂದೇ ಮುಖ.

ಪ್ರಶಸ್ತಿ ಬಂತು. ಈಗ ಕಾಯಕ ಬುಧವಾರ. ಅವತ್ತು ಕಲ್ಲೇಶಪ್ಪನವರ ಮನೆಯ ಪಾತ್ರೆಗಳನ್ನು ಮೊಣಕಾಲು ನೋವಿನ ಕಸ್ತೂರಮ್ಮನೇ ಗೊಣಗುತ್ತ ತೊಳೆಯುತ್ತಾರೆ. ಅದು ಬರೀ ಕೆಲಸ. ಯಾರೂ ಅದಕ್ಕೆ ಕಾಯಕ ಎನ್ನುವುದಿಲ್ಲ, ಫೋಟೋನೂ ತೆಗೆಯುವುದಿಲ್ಲ. ಉಡಚಮ್ಮ ಭಾನುವಾರ ಮೊದಲ ಬಸ್ಸಿಗೇ ಹರಿಹರಕ್ಕೆ ಹೋಗುತ್ತಾಳೆ. ಲತಾಳ ಕೂದಲು ಸಿಕ್ಕುಗಟ್ಟಿತ್ತು; ಅದನ್ನು ಬಿಡಿಸಲಿಕ್ಕೇ ಮೊದಲ ಭಾನುವಾರದ ಬೆಳಗು ಪೂರ್ತಿ ಬೇಕಾಯಿತು.