ಉದುರಿದ ಎಸಳು

"ಓರೆ ಮಾಡಬೇಡಿ, ಉದುರುತ್ತೆ," ಎಂದು ಆಲ್ಮರ್ ರಟ್ಟಿನ ಇನ್ನೊಂದು ತುದಿಗೆ ಕೈಹಚ್ಚಿದ. ಈ ತುದಿ ಗುಡ್ರುನ್ ಕೈಯಲ್ಲಿತ್ತು. ಇಬ್ಬರೂ ಅದನ್ನು ಮಟ್ಟಸವಾಗಿ ಹಿಡಿದು, ಹಿಮ ತುಳಿದುಕೊಂಡು ಚರ್ಚಿನ ಮೆಟ್ಟಿಲು ಹತ್ತಿದರು. ಒಳಗೆ ತೆರೆದ ಶವಪೆಟ್ಟಿಗೆಯಲ್ಲಿ ಅವಳ ಅಕ್ಕ ರಾಗ್ನಾ ಮಲಗಿದ್ದಳು.

ರಟ್ಟಿನ ಮೇಲೊಂದು ಹಾಳೆ, ಹಾಳೆಯ ಮೇಲೆ ಬೇರು ಸಮೇತ ಒಣಗಿಸಿ ಅಂಟಿಸಿದ ಕಾಡುಲಿಲ್ಲಿ. ಅವರ ತಾಯಿ ಸಿಗ್ನೆ ಹುಡುಗಿಯಾಗಿದ್ದಾಗ ಕೊಟ್ಟಿಗೆ ಹಿಂದಿನ ಹುಲ್ಲುಗಾವಲಿನಲ್ಲಿ ಕಿತ್ತು ಕಾಲೇಜಿನವರಿಗೆ ಕೊಟ್ಟದ್ದು. ಮರುವರ್ಷ ಆ ಹುಲ್ಲುಗಾವಲಿಗೆ ನೇಗಿಲು ಬಿತ್ತು. ಅಯೋವಾ ಸೀಮೆಯ ಆ ಮಗ್ಗುಲಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಲಿಲ್ಲಿ ಕಂಡವರಿಲ್ಲ.

ಅಂಗಡಿಯ ಹೂ ಬೇಡ, ಅಕ್ಕನ ಜೊತೆ ಅಮ್ಮನ ಹೂವೇ ಮಣ್ಣಿಗೆ ಹೋಗಲಿ ಎಂದು ಗುಡ್ರುನ್ ಹಟ ಹಿಡಿದಿದ್ದಳು. ಗಿಡಗಳನ್ನು ಒಣಗಿಸಿ ಕಾಪಿಡುವ ಕಾಲೇಜಿನ ಕೋಣೆಯನ್ನು ಮೊದಲು ರಾಗ್ನಾ ನೋಡಿಕೊಳ್ಳುತ್ತಿದ್ದಳು, ಈಗ ಅದು ಆಲ್ಮರನದು. ಅವಳ ಕೈಕೆಳಗೇ ಗಿಡ ಅಂಟಿಸುವುದನ್ನು ಕಲಿತವನು. ಆಗದು ಎಂದ. ಕೊನೆಗೆ, ಪೆಟ್ಟಿಗೆ ಮುಚ್ಚುವ ತನಕ ಎದೆಯ ಮೇಲಿರಲಿ, ಆಮೇಲೆ ವಾಪಸ್ಸು ಎಂದು ಒಪ್ಪಿದ.

ಮುಂದಿನ ಬೆಂಚಿನಲ್ಲಿ ನೆರೆಮನೆಯ ಬರ್ಗಿತ್ ಪೆಟ್ಟಿಗೆಯತ್ತ ನೋಡಿ ಮೂಗೊರೆಸಿಕೊಂಡಳು. "ಇವಳು ಕಾಫಿಗೆ ಬಂದ್ರೆ ನಂಗೆ ಮೇಜು ಒರೆಸೋ ಕೆಲಸಾನೇ ಇರ್ತಿರಲಿಲ್ಲ. ಕೇಕಿನ ಪುಡೀನೂ ಬೆರಳಿಗೆ ಅಂಟಿಸ್ಕೊಂಡು ತಟ್ಟೆಗೆ ಹಾಕೋಳು, ಮಹಾತಾಯಿ." ಅಕ್ಕಪಕ್ಕದವರು ಅಳುತ್ತಲೇ ನಕ್ಕರು.

*

ಹಿಂದೊಮ್ಮೆ ಗುಡ್ರುನ್ ಬುತ್ತಿ ಕೊಡಲು ಆ ಕೋಣೆಗೆ ಹೋದಾಗ, ತೆರೆದ ಬಾಗಿಲಿನ ಗಾಳಿಗೆ ಇದೇ ಲಿಲ್ಲಿಯಿಂದ ಒಂದು ಚೂರು ಹಾರಿತ್ತು. ರಾಗ್ನಾ ಮಂಡಿಯೂರಿ ನೆಲವೆಲ್ಲ ಹುಡುಕಿದಳು. ಬುತ್ತಿ ಆರಿಹೋಯಿತು. ಸಿಕ್ಕಿದ ಚೂರನ್ನು ಹಾಳೆಯ ಮೂಲೆಗೆ ಅಂಟಿಸಿದ್ದ ಪುಟ್ಟ ಲಕೋಟೆಗೆ ಹಾಕಿ ಮಡಿಚಿದಳು.

"ಉಗುರಿನಷ್ಟೂ ಇಲ್ಲ, ಹೋದ್ರೆ ಹೋಗ್ಲಿ ಬಿಡೇ ಅಕ್ಕ."

"ಉದುರಿದ್ರೇನಂತೆ? ಇದೂ ಅಮ್ಮನ ಹೂವಿಂದೇ ತಾನೆ?"

*

ಹಾಡು ಮುಗಿಯಿತು. ಆಲ್ಮರ್ ರಾಗ್ನಾಳ ಎದೆಯ ಮೇಲಿಂದ ರಟ್ಟನ್ನು ಎತ್ತುವಾಗ ಎಸಳೊಂದು ಕಳಚಿ ಅವಳ ಬೆರಳುಗಳ ಮೇಲೆ ಬಿತ್ತು. ಅವನು ಕಂಡ. ಗುಡ್ರುನಳ ಮುಖ ನೋಡಿದ. ಆಮೇಲೆ ಏನೂ ಕಾಣದವನಂತೆ ಕಿಟಕಿಯತ್ತ ತಿರುಗಿ ನಿಂತ.

ಶವಪೆಟ್ಟಿಗೆಯವರು ಮುಚ್ಚಳಕ್ಕೆ ಕೈಹಾಕಿದರು.

"ತಡೀರಿ," ಎಂದಳು ಗುಡ್ರುನ್. ಬಗ್ಗಿ, ಎಸಳನ್ನು ಬೆರಳ ತುದಿಗೆ ಅಂಟಿಸಿಕೊಂಡಳು. "ಆ ಲಕೋಟೆ ಬಿಚ್ಚಪ್ಪ."

"ಅವರ ಜೊತೆ ಹೋಗಲಿ ಅಂತ ನೀವೇ ಕೇಳಿದ್ರಲ್ವಾ?" ಎಂದ ಆಲ್ಮರ್, ಮೆಲ್ಲಗೆ.

"ಕೇಳಿದ್ದೆ. ಆದ್ರೆ ಹಾಳೆಯಲ್ಲಿ ಒಂದೆಸಳು ಕಮ್ಮಿ ಆಯ್ತು ಅಂದ್ರೆ ಇವಳು ಎದ್ದು ಹುಡುಕ್ತಾ ಕೂರ್ತಾಳೆ. ಮಲಗ್ಲಿ."

ಎಸಳು ಹಳೆಯ ಚೂರಿನ ಪಕ್ಕ ಸೇರಿತು. ಮುಚ್ಚಳ ಇಳಿಯುವಾಗ ರಾಗ್ನಾಳ ಬೆರಳಿನ ಮೇಲೆ ಲಿಲ್ಲಿಯ ಕೆಂಗಂದು ಧೂಳು ಒಂಚೂರು ಉಳಿದಿತ್ತು. ಅದನ್ನು ಯಾರೂ ಒರೆಸಲಿಲ್ಲ.